ಏಜೆಂಟ್ ತಪ್ಪು ಟೂಲ್ ಆರಿಸುತ್ತಿದೆ, ಟೂಲ್ ವಿವರಣೆ ಹೇಗೆ ಬರೆಯಬೇಕು?

ಘಾಟ್ಕೋಪರ್ ಕನ್ನಡಿಗ

ನಮಸ್ಕಾರ. ಮುಂಬೈಯ ಕೆಲವು ಉಡುಪಿ ಹೋಟೆಲುಗಳ ಸ್ಟಾಕು, ಆರ್ಡರು ನೋಡಿಕೊಳ್ಳುವ ಸಾಫ್ಟ್‌ವೇರ್ ನಮ್ಮದು. ಈಗ ಎಂಸಿಪಿ (ಎಐ ಮಾಡೆಲ್‌ಗೆ ಹೊರಗಿನ ಸಾಫ್ಟ್‌ವೇರ್ ಜೋಡಿಸುವ ಪದ್ಧತಿ) ಸರ್ವರ್ ಹಾಕಿ ಅದಕ್ಕೊಂದು ಎಐ ಏಜೆಂಟ್ ಜೋಡಿಸಿದ್ದೇವೆ. ಮ್ಯಾನೇಜರ್ ಮೊಬೈಲಿನಲ್ಲಿ "ಮಾಟುಂಗಾದಲ್ಲಿ ಉದ್ದಿನಬೇಳೆ ಎಷ್ಟಿದೆ" ಅಂತ ಕೇಳಿದರೆ ಸ್ಟೋರ್ ರೂಮಿನಲ್ಲಿರುವ ಲೆಕ್ಕ ಬರಬೇಕು. ಆದರೆ ಎಷ್ಟೋ ಸಲ ವಾಶಿ ಮಾರ್ಕೆಟ್ಟಿಗೆ ಕೊಟ್ಟ, ಇನ್ನೂ ಬಾರದ ಆರ್ಡರಿನ ಲೆಕ್ಕ ಬರುತ್ತದೆ. ಮಾಹಿತಿ ಕೊಡುವ ಟೂಲ್, ಅಂದರೆ ಏಜೆಂಟ್ ಕರೆಯಬಲ್ಲ ಫಂಕ್ಷನ್, ಎರಡು. ಒಂದು "ಗೆಟ್_ಐಟಂ", ವಿವರಣೆ: "ಐಟಂ ಮಾಹಿತಿ ಕೊಡುತ್ತದೆ". ಇನ್ನೊಂದು "ಗೆಟ್_ಐಟಂ_ಡಿಟೇಲ್ಸ್", ವಿವರಣೆ: "ಐಟಂನ ಪೂರ್ತಿ ಮಾಹಿತಿ ಕೊಡುತ್ತದೆ". ಕೋಡ್ ಸರಿಯಾಗಿದೆ, ಟೆಸ್ಟ್ ಎಲ್ಲ ಪಾಸ್. ದೊಡ್ಡ ಮಾಡೆಲ್ ಹಾಕಿದರೆ ಸರಿಹೋಗುತ್ತಾ?

ಹಿಂಜವಡಿ ಹುಡುಗಿ

ಮಾಡೆಲ್ ಬದಲಿಸಿ ದುಡ್ಡು ಸುರಿಯುವ ಮೊದಲು ಆ ಎರಡು ವಿವರಣೆಗಳನ್ನು ಕೋಡ್ ಗೊತ್ತಿಲ್ಲದ ಯಾರಿಗಾದರೂ ಓದಿಸಿ. ಯಾವುದರಲ್ಲಿ ಸ್ಟಾಕ್, ಯಾವುದರಲ್ಲಿ ಆರ್ಡರ್ ಅಂತ ಅವರಿಗೂ ಗೊತ್ತಾಗುವುದಿಲ್ಲ. ಏಜೆಂಟಿಗೆ ನಿಮ್ಮ ಕೋಡ್ ಕಾಣುವುದೇ ಇಲ್ಲ. ಅದಕ್ಕೆ ಕಾಣುವುದು ಟೂಲ್ ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ (ಟೂಲಿಗೆ ಏನೇನು, ಯಾವ ರೂಪದಲ್ಲಿ ಕೊಡಬೇಕು ಅನ್ನುವ ಪಟ್ಟಿ), ಇಷ್ಟೇ. 2023ರ ಜೂನ್‌ನಲ್ಲಿ ಓಪನ್‌ಎಐ ಫಂಕ್ಷನ್ ಕಾಲಿಂಗ್ (ಮಾಡೆಲ್ ಟೂಲ್ ಕರೆಯುವ ಸೌಲಭ್ಯ) ತಂದಾಗಲೂ ಹೀಗೇ ಇತ್ತು, 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಎಂಸಿಪಿ ಬಿಟ್ಟ ಮೇಲೂ ಹೀಗೇ ಇದೆ.

ಮೊದಲು ಹೆಸರು ಬದಲಿಸಿ: ಸ್ಟಾಕ್ ಟೂಲಿಗೆ "ಬ್ರಾಂಚ್_ಸ್ಟಾಕ್_ನೋಡು", ಆರ್ಡರ್ ಲೆಕ್ಕದ ಟೂಲಿಗೆ "ಬಾಕಿ_ಆರ್ಡರ್_ನೋಡು". ಸ್ಟಾಕ್ ಟೂಲಿನ ವಿವರಣೆ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ಒಂದು ಬ್ರಾಂಚಿನ ಸ್ಟೋರ್ ರೂಮಿನಲ್ಲಿ ಈಗ ಕೈಗೆ ಸಿಗುವ ಸಾಮಾನಿನ ಪ್ರಮಾಣ ಕೊಡುತ್ತದೆ. ಎಷ್ಟಿದೆ, ಎಷ್ಟು ಉಳಿದಿದೆ, ಮುಗಿದಿದೆಯಾ ಎಂಬ ಪ್ರಶ್ನೆಗಳಿಗೆ ಇದನ್ನು ಬಳಸಿ. ಆರ್ಡರ್ ಕೊಟ್ಟು ಇನ್ನೂ ಬಾರದ ಸಾಮಾನು ಇದರಲ್ಲಿ ಸೇರುವುದಿಲ್ಲ, ಅದಕ್ಕೆ ಬಾಕಿ_ಆರ್ಡರ್_ನೋಡು ಬಳಸಿ. ಉತ್ತರ ಯಾವಾಗಲೂ ಕೆಜಿಯಲ್ಲಿ ಇರುತ್ತದೆ. ಆ ಸಾಮಾನು ಬ್ರಾಂಚಿನ ಪಟ್ಟಿಯಲ್ಲೇ ಇಲ್ಲದಿದ್ದರೆ ಖಾಲಿ ಪಟ್ಟಿ ಬರುತ್ತದೆ, ಅದರ ಅರ್ಥ ಸ್ಟಾಕ್ ಸೊನ್ನೆ ಅಂತ ಅಲ್ಲ."

ಇದರಲ್ಲಿ "ಇದಕ್ಕೆ ಬಳಸಬೇಡ, ಅದನ್ನು ಬಳಸು" ಅನ್ನುವ ಸಾಲೇ ನನ್ನ ಅನುಭವದಲ್ಲಿ ಜಾಸ್ತಿ ಕೆಲಸ ಮಾಡುವುದು, ಜನ ಬಿಟ್ಟುಬಿಡುವುದೂ ಅದನ್ನೇ. ಖಾಲಿ ಪಟ್ಟಿಯ ಸಾಲನ್ನೂ ಬಿಡಬೇಡಿ. ಅದಿಲ್ಲದಿದ್ದರೆ ಏಜೆಂಟ್ ಧೈರ್ಯವಾಗಿ "ಬೇಳೆ ಮುಗಿದಿದೆ" ಅಂದುಬಿಡುತ್ತದೆ, ಮ್ಯಾನೇಜರ್ ನಂಬಿ ಸುಮ್ನೆ ಇನ್ನೊಂದು ಆರ್ಡರ್ ಹಾಕುತ್ತಾರೆ.

ಡೊಂಬಿವಲಿ ಲೋಕಲ್

ಒಪ್ಪಿದೆ, ಆದರೆ ಎಲ್ಲವನ್ನೂ ವಿವರಣೆಗೆ ತುರುಕಬೇಡಿ. ಸಾಮಾನ್ಯವಾಗಿ ಎಲ್ಲ ಟೂಲ್‌ಗಳ ವಿವರಣೆಯೂ ಪ್ರತಿ ಸಲ ಮಾಡೆಲ್ ಮುಂದೆ ಹೋಗುತ್ತದೆ, ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕು) ಖರ್ಚಾಗುತ್ತದೆ. ಸ್ಕೀಮಾದಲ್ಲಿ ಹೇಳಬಹುದಾದ್ದನ್ನು ಅಲ್ಲೇ ಹೇಳಿ. ಬ್ರಾಂಚ್ ಹೆಸರನ್ನು ಬರೀ ಸ್ಟ್ರಿಂಗ್ (ಯಾವ ಪಠ್ಯವಾದರೂ ಸರಿ) ಅಂತ ಬಿಟ್ಟರೆ ಏಜೆಂಟ್ "ಮಾಟುಂಗ", "ಮಾಟುಂಗಾ ಈಸ್ಟ್" ಅಂತ ಏನೇನೋ ಕಳಿಸುತ್ತದೆ. ಈನಮ್, ಅಂದರೆ ಒಪ್ಪುವ ಹೆಸರುಗಳ ನಿಗದಿತ ಪಟ್ಟಿ, ಕೊಡಿ, ಇರುವ ಬ್ರಾಂಚುಗಳಲ್ಲೇ ಒಂದನ್ನು ಆರಿಸುತ್ತದೆ. ಆರ್ಡರ್ ಟೂಲಿನಲ್ಲಿ "ಕ್ವಾಂಟಿಟಿ" ಅಂತ ಇದ್ದರೆ ಇವತ್ತೇ "ಕ್ವಾಂಟಿಟಿ_ಕೆಜಿ" ಮಾಡಿ. ಮ್ಯಾನೇಜರ್ "25 ಕಳಿಸಿ" ಅಂದಾಗ ಅವರ ತಲೆಯಲ್ಲಿ ಇರುವುದು 25 ಮೂಟೆ. ದಿನಾಂಕಕ್ಕೆ ವರ್ಷ-ತಿಂಗಳು-ದಿನ ಅಂತ ಉದಾಹರಣೆ ಸಮೇತ ಬರೆಯಿರಿ, 2025-04-03 ಅಂತ. ಇಲ್ಲದಿದ್ದರೆ 03/04 ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಹೇಗೆ ಗೊತ್ತಾಗಬೇಕು?

ಮಡಗಾಂವ್ ಮನೆಯಿಂದ

ಗೋವಾದಲ್ಲಿ ನಮ್ಮ ಜನ ಕನ್ನಡ, ಕೊಂಕಣಿ, ಹಿಂದಿ ಬೆರೆಸಿಯೇ ಟೈಪ್ ಮಾಡುತ್ತಾರೆ. ಮುಂಬೈಯಲ್ಲಿ ಮರಾಠಿ ಬೇರೆ ಸೇರುತ್ತದೆ ಅಲ್ವಾ? "ಉದ್ದಿನಬೇಳೆ", "ಉಡದ್ ದಾಲ್", "ಉಡೀದ್ ಡಾಳ್" ಮೂರೂ ಒಂದೇ ಸಾಮಾನು. ಇದನ್ನು ಮಾಡೆಲ್ ಊಹೆಗೆ ಬಿಡಬೇಡಿ. ಬೇರೆ ಬೇರೆ ಹೆಸರಿನಲ್ಲೂ ಹುಡುಕಿ ಸಾಮಾನಿನ ಕೋಡ್ ಕೊಡುವ ಒಂದು ಚಿಕ್ಕ ಟೂಲ್ ಇಡಿ. ಸ್ಟಾಕ್ ಟೂಲಿನ ವಿವರಣೆಯಲ್ಲಿ "ಕೋಡ್ ಗೊತ್ತಿಲ್ಲದಿದ್ದರೆ ಮೊದಲು ಸಾಮಾನು_ಹುಡುಕು ಬಳಸಿ" ಅಂತ ಬರೆಯಿರಿ.

ಎರರ್ ಸಂದೇಶವೂ ಏಜೆಂಟ್ ಓದುವ ವಿವರಣೆಯೇ. ಬರೀ "400 ಬ್ಯಾಡ್ ರಿಕ್ವೆಸ್ಟ್" (ಕೋರಿಕೆ ತಪ್ಪಾಗಿದೆ) ಅಂದರೆ ಏಜೆಂಟ್ ಅದೇ ಕರೆಯನ್ನು ಮತ್ತೆ ಮತ್ತೆ ಮಾಡುತ್ತಾ ಕೂರಬಹುದು. "ಈ ಕೋಡ್ ಇಲ್ಲ, ಸಾಮಾನು_ಹುಡುಕು ಬಳಸಿ ಸರಿಯಾದ ಕೋಡ್ ಪಡೆಯಿರಿ" ಅಂದರೆ ಹೆಚ್ಚಿನ ಸಲ ತಾನೇ ತಿದ್ದಿಕೊಳ್ಳುತ್ತದೆ.

ಘಾಟ್ಕೋಪರ್ ಕನ್ನಡಿಗ

ಎಲ್ಲರಿಗೂ ಥ್ಯಾಂಕ್ಸ್, ತುಂಬಾ ಉಪಯೋಗ ಆಯಿತು. ಹೆಸರು, ವಿವರಣೆ ಬದಲಿಸಿದೆ, ಉದ್ದಿನಬೇಳೆ ಪ್ರಶ್ನೆಗೆ ಈಗ ಸರಿಯಾದ ಟೂಲನ್ನೇ ಕರೆಯುತ್ತಿದೆ. ಇನ್ನೊಂದು ವಿಷಯ: ಆರ್ಡರ್ ರದ್ದು ಮಾಡುವ ಟೂಲ್ ಕೂಡ ಇದೆ. ವಿವರಣೆಯಲ್ಲಿ "ಬಳಕೆದಾರರನ್ನು ಕೇಳದೆ ರದ್ದು ಮಾಡಬೇಡ" ಅಂತ ಬರೆದರೆ ಸಾಕಾ?

ಹಿಂಜವಡಿ ಹುಡುಗಿ

ಬರೆಯಿರಿ, ಆದರೆ ಅದೊಂದನ್ನೇ ನಂಬಬೇಡಿ. ಎಂಸಿಪಿಯಲ್ಲಿ "ಡಿಸ್ಟ್ರಕ್ಟಿವ್ ಹಿಂಟ್" ಅಂತ ಒಂದು ಗುರುತು ಇದೆ, ಅದನ್ನೂ ಹಾಕಿ. ಹೆಸರೇ ಹೇಳುವಂತೆ ಅದು ಬರೀ ಸುಳಿವು, ಯಾರನ್ನೂ ತಡೆಯುವುದಿಲ್ಲ. ನಿಜವಾದ ತಡೆ ನಿಮ್ಮ ಕೋಡಿನಲ್ಲಿ ಇರಬೇಕು: ಮ್ಯಾನೇಜರ್ ಪರದೆಯಲ್ಲಿ ಬಟನ್ ಒತ್ತಿದ ಮೇಲೆ ಮಾತ್ರ ರದ್ದಾಗಲಿ. ಮತ್ತೆ, ಮ್ಯಾನೇಜರುಗಳು ನಿಜವಾಗಿ ಟೈಪ್ ಮಾಡಿದ ಪ್ರಶ್ನೆಗಳನ್ನು ಲಾಗಿನಿಂದ (ಸಾಫ್ಟ್‌ವೇರ್ ಇಡುವ ದಾಖಲೆ) ತೆಗೆದಿಡಿ, ಕಾಗುಣಿತ ತಿದ್ದದೆ ಹಾಗೇ. ಪ್ರತಿಯೊಂದರ ಎದುರು ಯಾವ ಟೂಲ್ ಬರಬೇಕು ಅಂತ ಬರೆದು, ವಿವರಣೆಯಲ್ಲಿ ಒಂದು ಪದ ಬದಲಿಸಿದರೂ ಎಲ್ಲವನ್ನೂ ಮತ್ತೆ ಓಡಿಸಿ. ಸ್ಟಾಕ್ ಟೂಲ್ ತಿದ್ದಿದಾಗ ಆರ್ಡರ್ ಟೂಲಿನ ಪ್ರಶ್ನೆಗಳು ಕೆಡುವುದು ಅಲ್ಲೇ ಸಿಕ್ಕಿಬೀಳುತ್ತದೆ.