ಹಳೆಯ ಆಡಿಯೊ ವೇರಿಯೋಮೀಟರ್ ಅಳವಡಿಕೆಗೆ ಸಹಾಯ ಬೇಕು

ಮಾನ್ಯರೇ, ನಮಸ್ಕಾರ. ಹಾಸನದಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿರುವ ನನ್ನ ಬಳಿಗೆ ಸ್ನೇಹಿತರೊಬ್ಬರು ತಮ್ಮ ಗ್ಲೈಡರಿನ (ಎಂಜಿನ್ ಇಲ್ಲದ ವಿಮಾನ) ಹಳೆಯ ಆಡಿಯೊ ವೇರಿಯೋಮೀಟರನ್ನು, ಅಂದರೆ ಏರುವ-ಇಳಿಯುವ ವೇಗವನ್ನು ದನಿಯಿಂದ ತಿಳಿಸುವ ಉಪಕರಣವನ್ನು, ತಂದುಕೊಟ್ಟಿದ್ದಾರೆ, ಕೈಪಿಡಿ ಇಲ್ಲ. ಅದಕ್ಕೆ ಜೋಡಿಸಿದ, ಗಾಳಿ ತುಂಬಿದ ಫ್ಲಾಸ್ಕಿನ ಒಳಕ್ಕೂ ಹೊರಕ್ಕೂ ಹರಿಯುವ ಗಾಳಿಯು ಥರ್ಮಿಸ್ಟರ್‌ಗಳನ್ನು (ಶಾಖಕ್ಕೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಬಿಡಿಭಾಗಗಳು) ತಣಿಸುವ ಪ್ರಮಾಣವನ್ನು ಅಳೆದು, ಗ್ಲೈಡರ್ ಮೇಲೇರಿದಂತೆ ದನಿಯನ್ನೂ ಏರಿಸುವ ಮಾದರಿ ಇದು. ಮೇಜಿನ ಮೇಲೆ 12 ವೋಲ್ಟ್ ಕೊಟ್ಟಾಗ ಸರಿಯಾಗಿಯೇ ನುಡಿಯಿತು. ಆದರೆ ಹಾರಾಟದಲ್ಲಿ ಸ್ಟಿಕ್ ಹಿಂದಕ್ಕೆಳೆದು ಮೂತಿ ಎತ್ತಿದೊಡನೆ, ಏರುಗಾಳಿ ಇಲ್ಲದಿದ್ದರೂ, ಕೀರಲು ದನಿ ಹೊರಡುತ್ತಿತ್ತೆಂದು ಅವರು ಹೇಳುತ್ತಾರೆ. ಹೊರಗಿನ ಗಾಳಿಯ ಒತ್ತಡವನ್ನಷ್ಟೇ ತರುವ ಸ್ಟ್ಯಾಟಿಕ್ ಕೊಳವೆಗೆ ನೇರವಾಗಿ ಜೋಡಿಸಿದ್ದೇ ಕಾರಣವೆಂದು ನನ್ನ ಅನುಮಾನ. ವೇಗದ ಬದಲಾವಣೆಯನ್ನೂ ಸರಿದೂಗಿಸುವ ಟೋಟಲ್ ಎನರ್ಜಿ ಪ್ರೋಬ್‌ಗೆ ಜೋಡಿಸಿದರೆ, ವೇಗವು ಎತ್ತರವಾಗಿ ಮಾರ್ಪಡುವ ಆ ಹುಸಿ ಏರಿಕೆ ಬಹುಮಟ್ಟಿಗೆ ಮರೆಯಾಗಬೇಕು. ಪ್ರೋಬನ್ನು ಬಾಲದ ಕಡೆ ಕೂರಿಸಿದಾಗ ಉದ್ದನೆಯ ಕೊಳವೆಯಿಂದ ದನಿ ತಡವಾಗುವುದನ್ನು ಹೇಗೆ ತಗ್ಗಿಸಿಕೊಂಡಿರಿ?

ಇನ್ನೊಂದು ತೊಡಕು: ಬಿಚ್ಚುವಾಗ ಫ್ಲಾಸ್ಕ್ ಒಡೆಯಿತು, ತಪ್ಪು ನನ್ನದೇ. ಸಾಮಾನ್ಯವಾಗಿ ಬಳಸುವ 0.45 ಲೀಟರಿನದನ್ನು ಹಾಕಬಹುದಾದರೂ, ಉಪಕರಣವನ್ನು ಬೇರೆ ಗಾತ್ರಕ್ಕೆ ಹೊಂದಿಸಿದ್ದರೆ ಮುಳ್ಳು ತಪ್ಪು ತೋರಿಸುತ್ತದೆ. ಚೂರುಗಳಿಂದ ಮೂಲ ಗಾತ್ರವನ್ನು ಅಂದಾಜಿಸುವ ಉಪಾಯವಿದೆಯೇ? ಪೇಟೆಯಲ್ಲಿ ಸಿಗುವ ಚಹಾದ ಫ್ಲಾಸ್ಕಿಗೆ ತಾಮ್ರದ ನಾರು ತುಂಬಿ, ಬಿರಡೆಯನ್ನು ಗಾಳಿ ಸೋರದಂತೆ ಮುಚ್ಚಿದರೆ ಸಾಕೇ? ಇಂತಹ ಕೆಲಸ ಮಾಡಿದವರು ಕೊಳವೆ ಜೋಡಣೆಯ ಚಿತ್ರವನ್ನು ದಯವಿಟ್ಟು ಹಂಚಿಕೊಳ್ಳಿ.