ಒಂದೇ ದಿನ ನೆಟ್ಟ ಎರಡು ಹಲಸು, ಒಂದು ಮಾತ್ರ ಮೇಲೇಳ್ತಿಲ್ಲ

ಪ್ರಶ್ನೆ (ಶಿರಸಿ ಹತ್ತಿರದ ಕೃಷಿಕರು):
ಸರ್, ಒಂಬತ್ತು ವರ್ಷದ ಹಿಂದೆ ಒಂದೇ ನರ್ಸರಿಯಿಂದ ಎರಡು ಹಲಸಿನ ಕಸಿ ತಂದು ಒಂದೇ ದಿನ ನೆಟ್ಟೆ. ತೋಟದ ದಂಡೆಯಲ್ಲಿರುವುದು ಮನೆಯ ಮಾಡಿಗಿಂತ ಎತ್ತರವಾಗಿದೆ, ಕಾಯಿಯೂ ಬಿಡುತ್ತಿದೆ. ಮೇಲಿನ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಇರುವುದು ನನ್ನ ಭುಜಕ್ಕೂ ಬಂದಿಲ್ಲ. ಮಳೆಗಾಲದಲ್ಲಿ ಎಲೆ ಹಳದಿ, ಬೇಸಿಗೆಯಲ್ಲಿ ತುದಿ ಒಣಗುತ್ತದೆ. ವರ್ಷಕ್ಕೆ ಎರಡು ಬುಟ್ಟಿ ಸಗಣಿ ಗೊಬ್ಬರ ಕೊಡುತ್ತೇನೆ. ಇನ್ನೂ ಜಾಸ್ತಿ ಹಾಕಬೇಕಾ?

ಉತ್ತರ:
ಗೊಬ್ಬರ ಸದ್ಯಕ್ಕೆ ಬೇಡ. ಬುಡದಿಂದ ನಾಲ್ಕು ಅಡಿ ದೂರ ಹಾರೆ ಹಾಕಿ ನೋಡಿ. ಎಷ್ಟು ಆಳಕ್ಕೆ ಠಣ್ ಅನ್ನುತ್ತದೆ? ನೆಡುವಾಗ ಗುಂಡಿ ಹೇಗೆ ತೋಡಿಸಿದ್ದಿರಿ, ಅದನ್ನೂ ಹೇಳಿ.

ಪ್ರಶ್ನೆ ಕೇಳಿದವರು:
ಒಂದು ಅಡಿಗೇ ಕೆಂಪುಕಲ್ಲು ಸರ್. ಗುಂಡಿ ಪಿಕಾಸಿಯಲ್ಲಿ ಕಲ್ಲು ಒಡೆದು ತೆಗೆಸಿದ್ದು, ಎರಡೂವರೆ ಅಡಿ ಚೌಕ. ಒಳಗೆ ತೋಟದ ಮಣ್ಣು, ಗೊಬ್ಬರ ತುಂಬಿದ್ದೆ.

ಉತ್ತರ:
ಹಾಗಾದರೆ ನೀವು ಮರ ನೆಟ್ಟಿದ್ದು ಕಲ್ಲಿನ ಬಾನಿಯಲ್ಲಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬೀಳುವ ಮಳೆ ಆ ಬಾನಿಗೆ ಇಳಿಯುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಬೇರಿಗೂ ಉಸಿರಾಡಬೇಕು ಅಲ್ವಾ? ಮಣ್ಣಿನ ಸಂದಿಯಲ್ಲಿ ಗಾಳಿ ಇರಬೇಕಾದ ಜಾಗಕ್ಕೆಲ್ಲ ನೀರು ತುಂಬಿದರೆ ಎಳೆ ಬೇರು ಕೊಳೆಯುತ್ತದೆ. ಹಲಸಿಗಂತೂ ನೀರು ನಿಂತರೆ ಆಗುವುದೇ ಇಲ್ಲ. ಉಳಿದ ನಾಲ್ಕು ಬೇರು ಬೇಸಿಗೆಯಲ್ಲಿ ಅದೇ ಎರಡೂವರೆ ಅಡಿ ಮಣ್ಣಿನ ನೀರನ್ನೇ ನಂಬಬೇಕು. ಹಳದಿ ಎಲೆ, ಒಣಗಿದ ತುದಿ ಎರಡಕ್ಕೂ ಕಾರಣ ಒಂದೇ.

ಮರ ಎಂದರೆ ಬೇರು ಪಾತಾಳಕ್ಕೆ ಇಳಿದಿರುತ್ತದೆ ಎಂದು ಸುಮಾರು ಜನ ತಿಳಿದಿದ್ದಾರೆ. ಹೆಚ್ಚಿನ ಮರಗಳ ಬಹುಪಾಲು ಬೇರು ಮೇಲಿನ ಮೂರು ಅಡಿಯೊಳಗೇ ಇರುತ್ತದೆ, ಅಡ್ಡಕ್ಕೆ ಮಾತ್ರ ಕೊಂಬೆಯ ಹರವು ದಾಟಿ ಹೋಗುತ್ತದೆ. ಕೆಂಪುಕಲ್ಲಿನಲ್ಲಿ ಬಿರುಕು ಸಿಕ್ಕರೆ ಅದೇ ಬೇರು ಇಳಿದು ಕಲ್ಲಿನ ಕೆಳಗಿರುವ ಮೆತ್ತನೆಯ ಶೇಡಿ ಮಣ್ಣು ಮುಟ್ಟಬಹುದು. ನಿಮ್ಮ ಪಕ್ಕದ ಬೇಣದಲ್ಲಿ ಅದೇ ಕಲ್ಲಿನ ಮೇಲೆ ದೊಡ್ಡ ಮರ ಇದ್ದರೆ ಗುಟ್ಟು ಅದೇ.

ಕಾರವಾರದ ಸದಸ್ಯೆ:
ಸರ್, ಹಾಗಾದರೆ ಕಾಳಿ ನದಿಯ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕೆಸರಿನಲ್ಲೇ ನಿಂತಿರುತ್ತದಲ್ಲ, ಅದಕ್ಕೆ ಗಾಳಿ ಎಲ್ಲಿಂದ?

ಉತ್ತರ:
ಒಳ್ಳೆ ಪ್ರಶ್ನೆ ಅಕ್ಕ. ಇಳಿತದ ಹೊತ್ತಿಗೆ ಹೋಗಿ ನೋಡಿ. ಕೆಲವು ಜಾತಿಯ ಕಾಂಡ್ಲಾದ ಸುತ್ತ ಕೆಸರಿನಿಂದ ಪೆನ್ಸಿಲ್ ಚುಚ್ಚಿಟ್ಟ ಹಾಗೆ ಬೇರು ಮೇಲೆದ್ದಿರುತ್ತದೆ. ಅವು ಉಸಿರಾಡುವ ಬೇರು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಕಾಡು ಜಾಯಿಕಾಯಿ ಜಾತಿಯ ಮರಗಳ ಬೇರು ಮೊಣಕಾಲು ಮಡಚಿದ ಹಾಗೆ ನೆಲದಿಂದ ಎದ್ದು ಮತ್ತೆ ಇಳಿಯುತ್ತದೆ. ಕೆಲಸ ಅದೇ. ನಿಮ್ಮ ಕಡಲತೀರದ ಗಾಳಿಮರದ ಕಷ್ಟ ಬೇರೆ: ಮರಳಿನಲ್ಲಿ ಗಾಳಿ ಬೇಕಾದಷ್ಟು, ಸಾರ ಇಲ್ಲ. ಅದರ ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿ ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ. ಪಾಪ, ಹಲಸಿಗೆ ಈ ಯಾವ ವಿದ್ಯೆಯೂ ಗೊತ್ತಿಲ್ಲ.

ಪ್ರಶ್ನೆ ಕೇಳಿದವರು:
ಇವತ್ತು ಒಂದು ಮಗ್ಗುಲು ಬಗೆದೆ ಸರ್. ಬೇರು ಕಲ್ಲಿಗೆ ತಾಗಿ ತಿರುಗಿ, ಗುಂಡಿಯ ಗೋಡೆಗುಂಟ ಸಿಂಬೆಯ ಹಾಗೆ ಸುತ್ತಿದೆ. ಈಗೇನು ಮಾಡಲಿ?

ಉತ್ತರ:
ಇಳಿಜಾರು ಇರುವ ಕಡೆ ಮಾತ್ರ, ಗುಂಡಿಯ ತಳದ ಮಟ್ಟಕ್ಕೆ ಒಂದು ಕಾಲುವೆ ಕಡಿಸಿ, ನೀರು ಹೊರಗೆ ಹೋಗಲಿ. ಮಳೆ ಹಿಡಿಯುವ ಮೊದಲೇ ಆಗಬೇಕು. ನಾಲ್ಕೂ ಕಡೆ ಕಡಿದರೆ ಇರುವ ಬೇರೂ ಹೋದೀತು. ಮೇಲೆ ದರಕು (ಒಣಗಿದ ಎಲೆ) ಮುಚ್ಚಿ, ಕಾಂಡಕ್ಕೆ ತಾಗಿಸಬೇಡಿ. ಮರ ಚೇತರಿಸಬಹುದು, ಆದರೆ ತೋಟದ ಮರದ ಜೋಡಿ ಆಗಲಿಕ್ಕಿಲ್ಲ. ನಾನಾದರೆ ಇನ್ನೊಂದು ಕಸಿಯನ್ನೂ ತರುತ್ತಿದ್ದೆ. ಈ ಸಲ ಮೊದಲು ಗುಂಡಿ ತೋಡಿ ನೀರು ತುಂಬಿ. ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಮರುದಿನ ಬೆಳಿಗ್ಗೆಯೂ ನೀರು ಹಾಗೇ ಇದ್ದರೆ ಆ ಜಾಗ ಬಿಡಿ, ಇಲ್ಲವೇ ನೆಲದ ಮೇಲೆ ಎರಡು ಅಡಿ ದಿಬ್ಬ ಮಾಡಿ ನೆಡಿ.