ಜೆಸಿಬಿ 3ಡಿಎಕ್ಸ್ 40 ಅಡಿ ಕಂಟೇನರ್‌ದಾಗ ಹಿಡಿತೈತೇನ್ರಿ? ಕ್ಯಾಬಿನ್ ಬಿಚ್ಚೂದೋ ಗಾಲಿ ಬಿಚ್ಚೂದೋ?

ಹುಬ್ಬಳ್ಳಿ ಮಂದಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮಣ್ಣ ಆಫ್ರಿಕಾದ ಟಾಂಜಾನಿಯಾ ದೇಶದ ದಾರ್ ಎಸ್ ಸಲಾಮ್‌ದಾಗ ಪೈಪ್‌ಲೈನ್ ಕೆಲಸ ಸಬ್ ಕಾಂಟ್ರ್ಯಾಕ್ಟ್ ಹಿಡದಾನ, ಅಲ್ಲಿ ಬಾಡಿಗಿ ಕೊಟ್ಟು ಸಾಕಾಗಿ ನಮ್ಮ ಹಳೇ 3ಡಿಎಕ್ಸ್ ಕಳಿಸು ಅಂತ ಗಂಟುಬಿದ್ದಾನ. ಮುಂಬೈ ಹತ್ರದ ನಾವಾ ಶೇವಾ ಬಂದರದ ತನಕ ಟ್ರೇಲರ್ ಮ್ಯಾಲೆ ಒಯ್ದು ಅಲ್ಲಿ ಕಂಟೇನರ್‌ಗೆ ಹಾಕೂದು ಅಂತ ವಿಚಾರ. ಏಜೆಂಟ್ ಹೇಳಿದಾ, 40 ಅಡಿ ಹೈ ಕ್ಯೂಬ್ (ಮಾಮೂಲಿಗಿಂತ ಎತ್ತರದ ಕಂಟೇನರ್) ತಗೋರಿ ಒಳಗ 2.69 ಮೀಟರ್ ಎತ್ತರ ಐತಿ ಅಂತ. ನಾ ಟೇಪ್ ಹಿಡದು ಅಳದೆ, ಮ್ಯಾಲಿನ ಹಳದಿ ಲೈಟ್ ಬಿಟ್ಟು ಕ್ಯಾಬಿನ್ ತುದಿ 9 ಅಡಿ 7 ಇಂಚ್, ಮುಂದಿನ ಬಕೆಟ್ ಅಗಲ 7 ಅಡಿ 6 ಇಂಚ್. ಟಯರ್ ಗಾಳಿ ಪೂರಾ ಬಿಟ್ರ ಹೊಂದತೈತೇನು? ಇಲ್ಲಾ ಗಾಲಿ ಬಿಚ್ಚಬೇಕೋ? ಕ್ಯಾಬಿನ್ ಮಾತ್ರ ಬಿಚ್ಚೂದು ಬ್ಯಾಡ ಅನಸ್ತದ, ಅಲ್ಲಿ ತಿರಗಿ ಕೂಡಸವ್ರು ಯಾರ್ರಿ? ಇನ್ನೊಬ್ಬಾಂವ ಬಂದು ಕ್ಯಾಬಿನ್ ಕಂಬ ಗ್ಯಾಸ್ ಕಟರ್‌ಲೆ ಕತ್ತರಸ್ರಿ, ಅಲ್ಲಿ ವೆಲ್ಡಿಂಗ್ ಹೊಡಸ್ರಿ ಅಂದಾ, ಕೇಳಿ ಎದಿ ಧಸಕ್ಕಂತು.

ಟೇಪ್ ಸುಬ್ಬಣ್ಣ:
ಕತ್ತರಿಸೋ ಐಡಿಯಾ ಕೊಟ್ಟವರ ಹತ್ರ ಮತ್ತೆ ಹೋಗ್ಬೇಡಿ ಸರ್. ಗಾಡಿ ಮಗುಚಿದ್ರೆ ಆಪರೇಟರ್ ಪ್ರಾಣ ಉಳಿಸೋದೇ ಆ ಕಂಬಗಳು, ಒಂದ್ಸಲ ಕತ್ತರಿಸಿ ವೆಲ್ಡ್ ಮಾಡಿದ್ರೆ ಆ ಬಲ ಹೋಯ್ತು ಅಂತಾನೇ.

ನಿಮ್ಮ ಏಜೆಂಟ್ ಹೇಳಿರೋದು ಒಳಗಿನ ಎತ್ತರ, ನಿಮಗೆ ಬೇಕಾಗಿರೋದು ಬಾಗಿಲ ಎತ್ತರ. ಹೈ ಕ್ಯೂಬ್ ಬಾಗಿಲು ಸುಮಾರು 2.58 ಮೀಟರ್ ಅಷ್ಟೇ, ಅಗಲ 2.34. ಮಾಮೂಲಿ 40 ಅಡಿ ಕಂಟೇನರ್ ಆದ್ರೆ ಬಾಗಿಲು 2.28ಕ್ಕೇ ಮುಗೀತು, ಅದನ್ನ ಯೋಚ್ನೆನೇ ಮಾಡ್ಬೇಡಿ. ನಿಮ್ಮ 9 ಅಡಿ 7 ಇಂಚು ಅಂದ್ರೆ 2.92 ಮೀಟರ್, ಅಂದ್ರೆ 34 ಸೆಂ.ಮೀ. ಜಾಸ್ತಿ. ಗಾಳಿ ಬಿಟ್ರೆ ಒಂದು ಗೇಣೂ ಇಳಿಯಲ್ಲ, ಮೇಲಿಂದ ಟಯರ್ ಸೈಡ್‌ವಾಲ್ ಹಾಳು. ಇನ್ನೊಂದು, ರ‍್ಯಾಂಪ್ ಹತ್ತಿಸುವಾಗ ಗಾಡಿ ಓರೆ ಆಗುತ್ತಲ್ಲ, ಆಗ ನೆಲದ ಮೇಲೆ ಸರಿಯಾಗಿ ಕೂತ ಲೆಕ್ಕ ತಪ್ಪುತ್ತೆ, ಬಾಗಿಲ ಮೇಲಿನ ಅಡ್ಡಕ್ಕೆ ಹೊಡೆಯುತ್ತೆ. ನಾಲ್ಕೈದು ಸೆಂ.ಮೀ. ಆದ್ರೂ ಕೈಯಲ್ಲಿ ಇಟ್ಕೊಳ್ಳಿ, ಕಂಟೇನರ್‌ನ ಟ್ರೇಲರ್ ಮೇಲಿಂದ ಕೆಳಗಿಳಿಸಿ ನೆಲದ ಮೇಲೆ ಇಟ್ಟೇ ತುಂಬಿಸಿ.

ಬಕೆಟ್ ಅಗಲದಲ್ಲಿ ಎರಡೂ ಕಡೆ ಎರಡೆರಡು ಬೆರಳು ಗ್ಯಾಪ್ ಉಳಿಯುತ್ತೆ, ಹೆಂಗೆ ನೇರ ನುಗ್ಗಿಸ್ತೀರಾ? ಬಿಚ್ಚಿ. ಹಿಂದಿನ ಜಾಕ್‌ಗಳ (ಅಗೆಯುವಾಗ ನೆಲಕ್ಕೆ ಊರೋ ಕಾಲು) ಅಗಲ ಅಳೆದಿದೀರಾ? ಅದನ್ನ ಹೇಳೇ ಇಲ್ಲ.

ಗ್ರೀಸ್ ಗನ್:
ನಾನು ದಾವಣಗೆರೆ ಕಡೆ ಮೆಕ್ಯಾನಿಕ್, ಈ ಥರ ಮೂರು ಗಾಡಿ ಬಿಚ್ಚಿದೀನಿ. ಗಾಲಿ ಬಿಚ್ಚಿ ಇಳಿಸ್ತೀನಿ ಅಂದ್ರೆ ಕಾಗದದ ಮೇಲೆ ಹೊಂದುತ್ತೆ ಆದ್ರೆ 40 ಸೆಂ.ಮೀ. ಇಳಿಸಿದ್ರೆ ಹಿಂದಿನ ಫ್ರೇಮು ಜಾಕು ಎಲ್ಲ ನೆಲಕ್ಕೆ ತಾಗುತ್ತೆ, ಅವನ್ನೂ ಬಿಚ್ಚಬೇಕು, ಆಮೇಲೆ ಚಿಕ್ಕ ಗಾಲಿ ಕೊಟ್ಟು ತಳ್ಳಬೇಕು. ಅಷ್ಟೆಲ್ಲ ಬದಲು ಕ್ಯಾಬಿನ್ ಎತ್ತಿ, ಅದೇ ಸಲೀಸು.

ಮೊದಲು ಹಿಂದಿನ ಬೂಮ್, ಅಂದ್ರೆ ಅಗೆಯೋ ತೋಳು. ಮಡಚಿ ನಿಲ್ಲಿಸಿದ್ರೆ ಅದೇ ಕ್ಯಾಬಿನ್‌ಗಿಂತ ಎತ್ತರ ಹೋಗೋದು, ಹಂಗಾಗಿ ಬೂಮ್ ನೆಲಕ್ಕೆ ಚಾಚಿ ಪಿನ್ ತೆಗೆದು ಕ್ರೇನಲ್ಲಿ ಬೇರೆ ಮಾಡಿ. ಇಂಜಿನ್ ಆಫ್ ಮಾಡಿ ಲಿವರ್ ಆಡಿಸಿ ಪ್ರೆಶರ್ ಬಿಟ್ಟು ಆಮೇಲೆ ಹೋಸ್ ಬಿಚ್ಚಿ, ಆತುರ ಮಾಡ್ಬೇಡಿ ಬಿಸಿ ಎಣ್ಣೆ ಮುಖಕ್ಕೆ ಹೊಡೆಯುತ್ತೆ. ಒಂದೊಂದು ಹೋಸ್‌ಗೂ ಎರಡೂ ತುದಿಗೆ ಒಂದೇ ನಂಬರ್ ಟ್ಯಾಗ್ ಕಟ್ಟಿ, ಬಾಯಿಗೆ ಪ್ಲಗ್ ಹಾಕಿ, ಪ್ಲಾಸ್ಟಿಕ್ ಕವರ್ ರಬ್ಬರ್ ಬ್ಯಾಂಡ್ ಎಲ್ಲ ಬೇಡ ದಯವಿಟ್ಟು, ಧೂಳು ಹೋದ್ರೆ ಪಂಪ್ ವಾಲ್ವ್ ಎರಡೂ ಹೋಯ್ತು. ಕ್ಯಾಬಿನ್ ನಾಲ್ಕು ಮೌಂಟಿಂಗ್ ಬೋಲ್ಟ್ ಮೇಲೆ ಕೂತಿರೋದು, ಕೆಲಸ ಇರೋದು ವೈರಿಂಗ್ ಸಾಕೆಟ್, ಸ್ಟೀರಿಂಗ್ ಹೋಸ್, ಬ್ರೇಕ್ ಪೈಪು, ಕಂಟ್ರೋಲ್ ಕೇಬಲ್ ಇವುಗಳಲ್ಲಿ. ಹ್ಞಾಂ, ಸ್ಟೀರಿಂಗ್ ಬಿಚ್ಚೋಕ್ ಮುಂಚೆ ಮುಂದಿನ ಗಾಲಿ ನೇರ ಮಾಡ್ಕೊಳ್ಳಿ ಆಮೇಲೆ ಪ್ಲಗ್ ಹಾಕಿ, ಎಣ್ಣೆ ಒಳಗೇ ಸಿಕ್ಕಿಕೊಂಡು ಗಾಲಿ ಅಲ್ಲಾಡಲ್ಲ, ಫೋರ್ಕ್‌ಲಿಫ್ಟಲ್ಲಿ ನೆಟ್ಟಗೆ ತಳ್ಳಬೋದು. ಬಿಚ್ಚೋ ಮುಂಚೆ ಮೊಬೈಲಲ್ಲಿ ವಿಡಿಯೋ ಮಾಡಿ, ಪ್ರತಿ ಕನೆಕ್ಷನ್ನೂ.

ಎಲ್ಲ ಬಿಚ್ಚಿದ್ಮೇಲೆ ಗಾಡಿ, ಬೂಮು, ಕ್ಯಾಬಿನ್ನು, ಬಕೆಟ್ಟು 12 ಮೀಟರ್ ಉದ್ದದಲ್ಲಿ ಆರಾಮಾಗಿ ಕೂರುತ್ತೆ, ತೂಕ ಏಳೂವರೆ ಟನ್ ಸುತ್ತಮುತ್ತ, ಅದು ಕಂಟೇನರ್‌ಗೆ ಏನೂ ಅಲ್ಲ.

ಕಡಲಾಚೆ ಕುಡ್ಲ:
ನಾನು ದಾರ್‌ನಲ್ಲೇ ಇರುದು, ಇಲ್ಲಿ ಇಳಿಸುವ ಕಷ್ಟ ಹೇಳ್ತೇನೆ. ಹೋದ ವರ್ಷ ಒಬ್ಬರ ಗಾಡಿ ಬಂತು, ಕಟ್ಟಿದ್ದು ಬರೀ ಚೈನಿನಲ್ಲಿ, ನೆಲದಲ್ಲಿ ಮರದ ತಡೆ ಕೊಟ್ಟಿರ್ಲಿಲ್ಲ. ದಾರಿಯಲ್ಲಿ ಸಮುದ್ರ ಆಡಿದಾಗ ಬೂಮ್ ಜಾರಿ ಕ್ಯಾಬಿನ್ ಗ್ಲಾಸಿಗೆ ಗುದ್ದಿ ಪುಡಿ ಪುಡಿ. ಕಂಟೇನರ್ ಒಳಗೆ ಕೆಳಗಿರುವ ಕೊಂಡಿ ಒಂದೊಂದಕ್ಕೆ ಒಂದು ಟನ್ನಷ್ಟೇ ಲೆಕ್ಕ ಹಾಕಿ ಮಾರಾಯ್ರೆ, ಚೈನಿನ ಬಲ ನೋಡಿ ನಂಬಬೇಡಿ, ಚಕ್ರದ ಹಿಂದೆ ಮುಂದೆ ಮರದ ತುಂಡು ಹೊಡೆದು ಪ್ಲೈವುಡ್ ನೆಲಕ್ಕೆ ಮೊಳೆ ಹಾಕಿ ಗಟ್ಟಿ ಮಾಡಿ. ಮರ ಹೀಟ್ ಟ್ರೀಟ್‌ಮೆಂಟ್ ಸೀಲ್ ಇದ್ದದ್ದೇ ಆಗಬೇಕು, ಹಳೇ ಪ್ಯಾಕಿಂಗ್ ಕಟ್ಟಿಗೆ ಹಾಕಿದರೆ ಕ್ವಾರಂಟೈನ್‌ನವರ ತಕರಾರು ಶುರು.

ಬೋಲ್ಟು ಪಿನ್ನು ವಾಷರ್ ಎಲ್ಲ ಒಂದೇ ಚೀಲಕ್ಕೆ ತುಂಬಬೇಡಿ, ಮೂರು ದಿನ ಅದನ್ನು ಹೊಂದಿಸಿದ್ದೇ ಆಯ್ತು ನಮಗೆ. ಇಲ್ಲಿ ಮೆಕ್ಯಾನಿಕ್ ಸಿಗ್ತಾರೆ ಆದ್ರೆ ವಿಡಿಯೋ ಕಳಿಸಿದ್ರೆ ಅರ್ಧ ಕೆಲಸ ಮುಗಿದ ಹಾಗೆ. ಸಿಲಿಂಡರ್ ರಾಡ್‌ಗಳಿಗೆ ಗ್ರೀಸ್ ಬಳಿದು ಸುತ್ತಿ, ಕಂಟೇನರ್ ಒಳಗೆ ಬೆವರು ಕೂತು ತುಕ್ಕು ಹಿಡಿಯುತ್ತೆ.

ಟೇಪ್ ಸುಬ್ಬಣ್ಣ:
ಹೌದು, ಮತ್ತೆ ಪೇಪರ್ ಕಡೆ. 2016ರ ಜುಲೈ 1ರಿಂದ ತುಂಬಿದ ಕಂಟೇನರ್‌ನ ತೂಕ ಖಚಿತ ಮಾಡಿ ವಿಜಿಎಂ (ಒಟ್ಟು ತೂಕದ ದೃಢೀಕರಣ) ಕೊಡದೆ ಹಡಗಿಗೆ ಏರಿಸಲ್ಲ, ಹಂಗಾಗಿ ಕಟ್ಟಿಗೆ ಚೈನು ಸೇರಿಸಿ ತೂಕ ಹಿಡೀಬೇಕು. ಡೀಸೆಲ್ ಖಾಲಿ ಮಾಡಿ, ಬ್ಯಾಟರಿ ಟರ್ಮಿನಲ್ ಬಿಚ್ಚಿ ಟೇಪ್ ಸುತ್ತಿ, ಹಡಗು ಕಂಪನಿಯವರಿಗೆ ಇದನ್ನ ಮೊದಲೇ ಹೇಳಿ, ಬಚ್ಚಿಡ್ಬೇಡಿ. ಟಯರ್ ಸಂದಿ, ಬಕೆಟ್ ಹಲ್ಲು ಎಲ್ಲಾ ಕಡೆ ಮಣ್ಣು ತೊಳೆದು ಕಳಿಸಿ. ಲೋನ್ ಇದ್ರೆ ಬ್ಯಾಂಕ್ ಎನ್‌ಒಸಿ ಇವತ್ತೇ ಕೇಳಿ, ಅದೇ ಎಲ್ಲಕ್ಕಿಂತ ನಿಧಾನ.

ಇಷ್ಟೊಂದು ತಲೆನೋವು ಬೇಡ ಅಂದ್ರೆ ಮುಂಬೈಯಿಂದ ರೋರೋ ಹಡಗಿನ ರೇಟ್ ಕೇಳಿ, ಓಡಿಸ್ಕೊಂಡು ಒಳಗೆ ಹೋಗ್ಬೋದು, ಬಿಚ್ಚೋದೂ ಇಲ್ಲ ಕೂಡಿಸೋದೂ ಇಲ್ಲ. ಫ್ಲಾಟ್ ರ‍್ಯಾಕ್ (ಪಕ್ಕದ ಗೋಡೆ, ಚಾವಣಿ ಇಲ್ಲದ ಕಂಟೇನರ್) ಕೂಡ ಇದೆ, ಬಾಡಿಗೆ ಜಾಸ್ತಿ. ಬಿಚ್ಚೋ ಕೂಲಿ, ಕ್ರೇನು, ಅಲ್ಲಿ ಕೂಡಿಸೋ ಕೂಲಿ ಎಲ್ಲ ಕೂಡಿಸಿ ನೋಡಿ, ಬರೀ ಹಡಗಿನ ಬಾಡಿಗೆ ನೋಡ್ಬೇಡಿ.

ಹುಬ್ಬಳ್ಳಿ ಮಂದಿ:
ಭಾಳ ಉಪಕಾರ ಆತ್ರಿ. ಜಾಕ್ ಈಗ ಹೋಗಿ ಅಳದೆ, ಎರಡೂ ಒಳಗ ಸರಿಸಿದಮ್ಯಾಲೆ 7 ಅಡಿ 5 ಇಂಚ್ ಬಂತು, ಸಂದಿ ಐತಿ ಆದ್ರ ಪೇಂಟ್ ಉಳಿಯೂದಿಲ್ಲ ಅನಸ್ತದ. ರೋರೋ ರೇಟ್ ಕೇಳೀನಿ, ನಾಳೆ ಹೇಳ್ತೀನಿ ಅಂದಾರ. ಗ್ರೀಸ್ ಗನ್ ಅಣ್ಣಾ, ರೇಟ್ ಹೆಚ್ಚಾದ್ರ ನಿಮ್ಮನ್ನ ಹುಬ್ಬಳ್ಳಿಗೆ ಕರಕೊಂಡು ಬರೂದಾ, ದಿನಕ್ಕ ಎಷ್ಟ್ರಿ ನಿಮ್ಮ ಕೂಲಿ?

ಗ್ರೀಸ್ ಗನ್:
ಊಟ ನಿಮ್ದಾದ್ರೆ ಮಾತಾಡೋಣ. ಗಾಡಿ ತೊಳೆದಿಟ್ಟಿರಿ, ಮಣ್ಣಲ್ಲಿ ನಾನು ಬೋಲ್ಟ್ ಹುಡುಕಲ್ಲ.